ಪಾಪ್‌ಕಾರ್ನ್ ಬಟನ್ ಒತ್ತಿದರೂ ಸೀದು ಹೋಗುವುದೇಕೆ?

ಪ್ರಶ್ನೆ: ನಮ್ಮದು 20 ಲೀಟರಿನ ಮೈಕ್ರೋವೇವ್. ಪಾಪ್‌ಕಾರ್ನ್‌ಗೆ ಅಂತಲೇ ಒಂದು ಬಟನ್ ಇದೆ. ಪ್ಯಾಕೆಟ್ ಇಟ್ಟು ಒತ್ತಿದರೆ ಒಮ್ಮೆ ಅರ್ಧ ಕಾಳು ಹಾಗೇ ಉಳಿಯುತ್ತದೆ, ಇನ್ನೊಮ್ಮೆ ನಡುವೆ ಕರ್ರಗೆ ಸೀದಿರುತ್ತದೆ. ಓವನ್ ಕೆಟ್ಟಿದೆಯಾ? (ದಾವಣಗೆರೆಯಿಂದ)

ಉತ್ತರ: ಓವನ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಓವನ್‌ಗಳಲ್ಲಿ ಪಾಪ್‌ಕಾರ್ನ್ ಬಟನ್ ಅಂದರೆ ಬರೀ ಟೈಮರ್. ಇಂತಿಷ್ಟು ಗ್ರಾಂ ಪ್ಯಾಕೆಟ್‌ಗೆ ಇಷ್ಟು ಹೊತ್ತು ಎಂದು ಕಂಪನಿಯವರು ಮೊದಲೇ ತುಂಬಿಸಿಟ್ಟಿರುತ್ತಾರೆ. ಒತ್ತಿದರೆ ಪೂರ್ತಿ ಪವರ್‌ನಲ್ಲಿ ಅಷ್ಟು ಹೊತ್ತು ಓಡಿ ನಿಲ್ಲುತ್ತದೆ. ಒಳಗೆ ಕಾಳು ಅರಳಿತೋ ಸೀಯಿತೋ ಅದಕ್ಕೆ ಗೊತ್ತಾಗುವುದಿಲ್ಲ.

ಮ್ಯಾನುಯಲ್ ತೆಗೆದು ಆಟೋ ಕುಕ್ ಪಟ್ಟಿ ಇರುವ ಪುಟ ನೋಡಿ. ಪಾಪ್‌ಕಾರ್ನ್ ಎದುರಿಗೆ ಒಂದು ತೂಕ ಬರೆದಿರುತ್ತದೆ. ನಿಮ್ಮ ಪ್ಯಾಕೆಟ್ ಮೇಲಿನ ತೂಕವನ್ನು ಅದರ ಜೊತೆ ಹೋಲಿಸಿ. ಅದು 100 ಗ್ರಾಂ ಎಂದಿದ್ದು, ನೀವು ಇಟ್ಟದ್ದು ಅದರ ಮೂರನೇ ಒಂದು ಪಾಲಿನ ಸಣ್ಣ ಪ್ಯಾಕೆಟ್ ಆದರೆ ಸೀಯದೆ ಇನ್ನೇನಾಗುತ್ತದೆ ಹೇಳಿ.

ಒಂದೇ ತೂಕದ ಪ್ಯಾಕೆಟ್ ಒಮ್ಮೆ ಹಾಗೆ ಒಮ್ಮೆ ಹೀಗೆ ಆಗುತ್ತಿದ್ದರೆ ನಿಮ್ಮ ಮನೆಯ ಕರೆಂಟ್ ಕಡೆ ನೋಡಿ. ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಇರುವ ಓವನ್‌ನಲ್ಲಿ ವೋಲ್ಟೇಜ್ ಇಳಿದರೆ ಬಿಸಿ ಮಾಡುವ ಶಕ್ತಿಯೂ ಇಳಿಯುತ್ತದೆ. ಬೆಳಗ್ಗೆ ಸರಿಯಾಗಿ ಅರಳಿದ ಪ್ಯಾಕೆಟ್ ಸಂಜೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಮೋಟರ್ ಓಡುವ ಹೊತ್ತಿನಲ್ಲಿ ಅರ್ಧಕ್ಕೇ ನಿಲ್ಲಬಹುದು. ಬಟನ್‌ನ ಸಮಯ ಮಾತ್ರ ಅಷ್ಟೇ ಇರುತ್ತದೆ.

ಓವನ್‌ನ ನಿಜವಾದ ಶಕ್ತಿ ಮನೆಯಲ್ಲೇ ಅಳೆಯಬಹುದು. ಅಡುಗೆಯ ಥರ್ಮಾಮೀಟರ್ ಒಂದಿದ್ದರೆ ಸಾಕು. ಒಂದು ಲೀಟರ್ ತಣ್ಣೀರನ್ನು ಗಾಜಿನ ಪಾತ್ರೆಗೆ ಹಾಕಿ ಎಷ್ಟು ಡಿಗ್ರಿ ಇದೆ ನೋಡಿ. ಪೂರ್ತಿ ಪವರ್‌ನಲ್ಲಿ ಸರಿಯಾಗಿ ಒಂದು ನಿಮಿಷ ಬಿಸಿ ಮಾಡಿ, ಕಲಕಿ ಮತ್ತೆ ನೋಡಿ. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೋ ಅದನ್ನು 70ರಿಂದ ಗುಣಿಸಿ. ಹತ್ತು ಡಿಗ್ರಿ ಏರಿದ್ದರೆ ಸುಮಾರು 700 ವ್ಯಾಟ್. ಒಮ್ಮೆ ಬೆಳಗ್ಗೆ, ಒಮ್ಮೆ ಸಂಜೆ ಮಾಡಿ ನೋಡಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಕಾರಣ ಸಿಕ್ಕಂತೆಯೇ.

ಹಾಗಾದರೆ ಸಮಯ ತಿಳಿಯುವುದು ಹೇಗೆ? ಕಿವಿಯಿಂದ. ಇದನ್ನು ಸುಮ್ನೆ ಹೇಳುತ್ತಿಲ್ಲ. ಪಾಪ್‌ಕಾರ್ನ್ ಕಾಳಿನೊಳಗೆ ತೂಕದ ಸುಮಾರು 14 ಶೇಕಡಾ ನೀರಿರುತ್ತದೆ. ಬಿಸಿಯಾದಂತೆ ಅದು ಆವಿಯಾಗಲು ನೋಡುತ್ತದೆ, ಗಟ್ಟಿ ಸಿಪ್ಪೆ ಬಿಡುವುದಿಲ್ಲ. ಒತ್ತಡ ಏರುತ್ತಾ ಹೋಗಿ, 180 ಡಿಗ್ರಿ ಆಸುಪಾಸಿನಲ್ಲಿ ಸಿಪ್ಪೆ ಬಿರಿಯುತ್ತದೆ. ಮೆತ್ತಗಾಗಿದ್ದ ಪಿಷ್ಟ ನೊರೆಯಂತೆ ಉಬ್ಬಿ ಹೊರಗೆ ಬಂದು ಗಟ್ಟಿಯಾಗುತ್ತದೆ. 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಇದನ್ನು ವೇಗದ ಕ್ಯಾಮೆರಾ ಮತ್ತು ಮೈಕ್ ಇಟ್ಟು ಪರೀಕ್ಷಿಸಿದರು. 170 ಡಿಗ್ರಿಯಲ್ಲಿ ಮೂರನೇ ಒಂದು ಪಾಲು ಕಾಳು ಮಾತ್ರ ಅರಳಿದ್ದವು. 180ಕ್ಕೆ ಹೋದಾಗ ಹೆಚ್ಚುಕಡಿಮೆ ಎಲ್ಲವೂ ಅರಳಿದವು. ಆ 'ಪಟ್' ಸದ್ದು ಸಿಪ್ಪೆ ಒಡೆಯುವುದರಿಂದ ಬರುವುದಲ್ಲ, ಒಳಗಿನ ಆವಿ ಒಮ್ಮೆಲೇ ಹೊರಗೆ ನುಗ್ಗುವಾಗ ಬರುವುದು ಎಂದೂ ಅವರು ತೋರಿಸಿದರು. ಅಂದರೆ ಒಂದೊಂದು ಸದ್ದೂ ಒಂದು ಕಾಳಿನ ಕೆಲಸ ಮುಗಿದ ಸುದ್ದಿ.

ಬಟನ್ ಬಿಟ್ಟು ಸಮಯವನ್ನು ನೀವೇ ಇಡಿ. 700–800 ವ್ಯಾಟಿನ ಓವನ್ ಆದರೆ ನಾಲ್ಕು ನಿಮಿಷ ಇಟ್ಟು ಪಕ್ಕದಲ್ಲೇ ನಿಂತುಕೊಳ್ಳಿ. ಅಷ್ಟು ಹೊತ್ತು ಬೇಕಾಗುವುದಿಲ್ಲ, ನೀವೇ ಮೊದಲು ನಿಲ್ಲಿಸುತ್ತೀರಿ. ಶುರುವಿನಲ್ಲಿ ಫ್ಯಾನಿನ ಸದ್ದು ಮಾತ್ರ. ಆಮೇಲೆ ಎಲ್ಲೋ ಒಂದೆರಡು ಪಟ್. ಕವರ್ ಉಬ್ಬತೊಡಗುತ್ತದೆ. ನಂತರ ಎಣಿಸಲಾಗದಷ್ಟು ಜೋರು. ಅದು ಇಳಿದು ಮತ್ತೆ ಒಂದೊಂದೇ ಕೇಳತೊಡಗಿದಾಗ ಎಣಿಸಲು ಶುರು ಮಾಡಿ. ಒಂದು ಪಟ್‌ನಿಂದ ಮುಂದಿನ ಪಟ್‌ಗೆ ಎರಡು ಸೆಕೆಂಡ್ ಆಯಿತೋ, ನಿಲ್ಲಿಸಿಬಿಡಿ. "ಇನ್ನೂ ನಾಲ್ಕು ಕಾಳು ಉಳಿದಿವೆಯಲ್ಲ" ಎಂಬ ಆಸೆ ಬೇಡ. ಅರಳಿದ ಮೇಲೆ ಕಾಳಿನಲ್ಲಿ ನೀರಿಲ್ಲ, ಕವರಿನ ತಳ ಮಾತ್ರ ಕಾಯುತ್ತಲೇ ಇರುತ್ತದೆ. ಕೊನೆಯ ಹತ್ತು ಹದಿನೈದು ಸೆಕೆಂಡಿನಲ್ಲೇ ಇಡೀ ಪ್ಯಾಕೆಟ್ ಕಹಿಯಾಗುವುದು.

ಇನ್ನೊಂದು ಸಂಗತಿ ಸಣ್ಣ ಓವನ್ ಇರುವವರಿಗೆ. ಕವರ್ ಪೂರ್ತಿ ಉಬ್ಬಿದಾಗ ಅದರ ಮೂಲೆ ಒಳಗೋಡೆಗೆ ತಾಗಿ ತಿರುಗುವುದು ನಿಂತುಬಿಡುತ್ತದೆ. ಕೆಳಗೆ ಗಾಜಿನ ತಟ್ಟೆ ತಿರುಗುತ್ತಿರುತ್ತದೆ, ಕವರ್ ಮಾತ್ರ ನಿಂತಲ್ಲೇ ಜಾರುತ್ತಿರುತ್ತದೆ. ಮೈಕ್ರೋವೇವ್ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಹಾಗಾಗಿ ಒಂದು ಜಾಗ ಸೀಯುತ್ತದೆ, ಪಕ್ಕದಲ್ಲಿ ಹಸಿ ಕಾಳು ಉಳಿಯುತ್ತದೆ. ನೀವು ಹೇಳಿದ "ನಡುವೆ ಕರ್ರಗೆ" ಇದರಿಂದಲೂ ಆಗಿರಬಹುದು. ಬಾಗಿಲ ಗಾಜಿನಲ್ಲಿ ನೋಡುತ್ತಿರಿ. ನಿಮ್ಮ ಓವನ್‌ಗೆ ಸಣ್ಣ ಪ್ಯಾಕೆಟ್ಟೇ ಒಳ್ಳೆಯದು.

ಪ್ರಶ್ನೆ: ಇಲ್ಲಿನ ಪ್ಯಾಕೆಟ್‌ಗಳ ಮೇಲೆ "ಪಾಪ್‌ಕಾರ್ನ್ ಬಟನ್ ಬಳಸಬೇಡಿ" ಎಂದು ದಪ್ಪ ಅಕ್ಷರದಲ್ಲಿದೆ. ಓವನ್‌ನವರು ಸೆನ್ಸರ್ ಇದೆ, ಬಳಸಿ ಅನ್ನುತ್ತಾರೆ. ಯಾರನ್ನು ನಂಬಲಿ? (ನ್ಯೂಜೆರ್ಸಿಯಿಂದ)

ಉತ್ತರ: ಪ್ಯಾಕೆಟ್‌ನವರನ್ನು. ಅವರ ಪ್ಯಾಕೆಟ್ ನೂರೆಂಟು ಬಗೆಯ ಓವನ್‌ಗೆ ಹೋಗುತ್ತದೆ. ಯಾವ ಬಟನ್ ಎಷ್ಟು ಹೊತ್ತು ಓಡುತ್ತದೆ ಎಂದು ಅವರಿಗೆ ತಿಳಿಯದು. ಸೀದರೆ ಮಾತ್ರ ದೂರು ಬರುವುದು ಅವರಿಗೇ. ಅದಕ್ಕೇ ಆ ಎಚ್ಚರಿಕೆ.

ಆದರೆ ನಿಮ್ಮ ಓವನ್‌ನಲ್ಲಿ ನಿಜಕ್ಕೂ ಸೆನ್ಸರ್ ಇದ್ದರೆ ಬಟನ್ ಅಷ್ಟೊಂದು ದಡ್ಡನಲ್ಲ. ಕವರಿನಿಂದ ಹೊರಬರುವ ಹಬೆಯನ್ನು ಅದು ಗುರುತಿಸಿ ಉಳಿದ ಸಮಯವನ್ನು ಲೆಕ್ಕ ಹಾಕುತ್ತದೆ. ಮೊದಲು ಪರದೆ ಮೇಲೆ ಸಮಯವೇ ಕಾಣದೆ, ನಡುವೆ ಒಮ್ಮೆಲೇ ಸೆಕೆಂಡುಗಳ ಎಣಿಕೆ ಶುರುವಾದರೆ ಅದು ಸೆನ್ಸರ್ ಬಟನ್ ಎಂದು ತಿಳಿಯಿರಿ. ಇದಕ್ಕೆ ಒಳಭಾಗ ತಣ್ಣಗೆ, ಒಣಗಿರಬೇಕು. ಎಣಿಕೆ ಶುರುವಾಗುವ ತನಕ ಬಾಗಿಲು ತೆಗೆಯಬಾರದು. ಒಂದಾದ ಕೂಡಲೇ ಎರಡನೇ ಪ್ಯಾಕೆಟ್ ಇಟ್ಟರೆ ಹಳೆಯ ಹಬೆಯಿಂದಲೇ ಸೆನ್ಸರ್ ಮೋಸ ಹೋಗಬಹುದು. ಬಾಗಿಲು ತೆರೆದಿಟ್ಟು, ಒಳಗೆ ಒಣ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಬಿಡಿ.

ಸೆನ್ಸರ್ ಇಲ್ಲದ ಅಲ್ಲಿನ ಕೆಲವು ಓವನ್‌ಗಳಲ್ಲಿ ಬಟನ್ ಮತ್ತೆ ಮತ್ತೆ ಒತ್ತಿದರೆ ತೂಕ ಬದಲಾಗುತ್ತದೆ: 3.5 ಔನ್ಸ್, 1.75 ಔನ್ಸ್ ಹೀಗೆ. ಮೊದಲನೆಯದು ಸುಮಾರು 100 ಗ್ರಾಂ, ಎರಡನೆಯದು ಅದರ ಅರ್ಧ. ಒಂದೇ ಸಲ ಒತ್ತಿ ಹೋಗುವವರಿಗೆ ಇದು ಗೊತ್ತೇ ಇರುವುದಿಲ್ಲ. ಸೆನ್ಸರ್ ಇರಲಿ ಬಿಡಲಿ, ಎರಡು ಸೆಕೆಂಡಿನ ಲೆಕ್ಕ ನಿಮಗೂ ಅನ್ವಯಿಸುತ್ತದೆ. ಅಲ್ಲಿ 1000–1100 ವ್ಯಾಟಿನ ಓವನ್‌ಗಳೇ ಜಾಸ್ತಿ, ಎರಡು ನಿಮಿಷದ ಆಸುಪಾಸಿನಲ್ಲೇ ಮುಗಿಯಬಹುದು.

ಪ್ರಶ್ನೆ: ಪ್ಯಾಕೆಟ್ ಬೇಡ, ಬಿಡಿ ಕಾಳು ತಂದು ಗಾಜಿನ ಬಟ್ಟಲಲ್ಲಿ ಮಾಡಿದರೆ ಅದೇ ಬಟನ್ ನಡೆಯುತ್ತದೆಯೇ? ಸಂತೆಯ ಮೆಕ್ಕೆಜೋಳ ಹಾಕಿದೆ, ಒಂದೂ ಅರಳಲಿಲ್ಲ. (ಹುಬ್ಬಳ್ಳಿಯಿಂದ)

ಉತ್ತರ: ಮೊದಲು ಜೋಳದ ವಿಷಯ. ಹಾವೇರಿ, ದಾವಣಗೆರೆ ಕಡೆ ಹೊಲಗಳಲ್ಲಿ ಬೆಳೆಯುವ ಸಾಮಾನ್ಯ ಮೆಕ್ಕೆಜೋಳ ಬೇರೆ, ಪಾಪ್‌ಕಾರ್ನ್ ತಳಿ ಬೇರೆ. ಸಾಮಾನ್ಯ ಕಾಳಿನ ಸಿಪ್ಪೆ ಅಷ್ಟು ಒತ್ತಡ ತಡೆಯುವುದಿಲ್ಲ, ಆವಿ ಮೊದಲೇ ಸೋರಿಹೋಗುತ್ತದೆ. ಅಂಗಡಿಯಲ್ಲಿ ಪಾಪ್‌ಕಾರ್ನ್ ಕಾಳು ಎಂದೇ ಕೇಳಿ ತನ್ನಿ. ತಂದಮೇಲೆ ಬಿಸಿಲಿಗೆ ಹಾಕಬೇಡಿ, ಗಾಳಿಯಾಡದ ಡಬ್ಬಿಯಲ್ಲಿಡಿ. ನಿಮ್ಮ ಕಡೆ ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯುವ ಮುಂಚೆ ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ಹದ ಮಾಡಿಡುತ್ತಾರಲ್ಲ? ಅದರ ಹಿಂದಿರುವುದೂ ಇದೇ ಕಾರಣ, ಕಾಳಿನೊಳಗೆ ತಕ್ಕಷ್ಟು ಪಸೆ ಇರಬೇಕು. ಒಣಗಿಹೋದ ಪಾಪ್‌ಕಾರ್ನ್ ಕಾಳಿಗೂ ಈ ಉಪಾಯ ನಡೆಯುತ್ತದೆ: ಮೂರು ಕಪ್ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಬಾಟಲಿಯ ಮುಚ್ಚಳ ಬಿಗಿದು, ದಿನಕ್ಕೆ ಒಂದೆರಡು ಬಾರಿ ಅಲುಗಾಡಿಸುತ್ತಾ ಎರಡು ಮೂರು ದಿನ ಬಿಡಿ.

ಬಟನ್ ಮಾತ್ರ ಬೇಡವೇ ಬೇಡ. ಪ್ಯಾಕೆಟ್ಟಿನ ತಳದಲ್ಲಿ ಬೂದುಬಣ್ಣದ ಒಂದು ತುಂಡು ಇರುತ್ತದೆ. ಅದು ಅತಿ ತೆಳುವಾದ ಲೋಹದ ಲೇಪ. ಮೈಕ್ರೋವೇವ್ ಬಿದ್ದಾಗ ಅದೇ ಕಾದು ಕಾಳನ್ನು ಕೆಳಗಿನಿಂದ ಹುರಿಯುತ್ತದೆ. "ಈ ಬದಿ ಮೇಲಕ್ಕೆ" ಎಂದು ಬರೆದಿರುವುದು ಅದಕ್ಕೇ. ಗಾಜಿನ ಬಟ್ಟಲಿಗೆ ಆ ಸಹಾಯ ಇಲ್ಲ. ಹಾಗಾಗಿ ಸಮಯ ಜಾಸ್ತಿ ಬೇಕು, ಒಂದಿಷ್ಟು ಕಾಳು ಉಳಿಯುವುದೂ ಸಹಜ. ಎರಡು ಲೀಟರ್ ಹಿಡಿಯುವ, ಓವನ್‌ಗೆ ತಡೆಯುವ ಬಟ್ಟಲಿಗೆ ಕಾಲು ಕಪ್ ಕಾಳು, ಒಂದು ಚಮಚ ಎಣ್ಣೆ ಹಾಕಿ ಕಲಸಿ. ಮೇಲೆ ಪಿಂಗಾಣಿ ತಟ್ಟೆ ಮುಚ್ಚಿ ಹಬೆಗೆ ಸ್ವಲ್ಪ ಸಂದು ಬಿಡಿ. ಪ್ಲಾಸ್ಟಿಕ್, ಮೆಲಮೈನ್ ಬಟ್ಟಲು ಬೇಡ. ಎಣ್ಣೆಯ ಬಿಸಿಗೆ ಅವು ತಡೆಯುವುದಿಲ್ಲ. ಅಂಗಡಿಯ ಖಾಕಿ ಕವರ್, ಪಿನ್ ಹೊಡೆದ ಕಾಗದವೂ ಬೇಡ, ಬೆಂಕಿ ಹತ್ತಿಕೊಳ್ಳಬಹುದು. ಬಟ್ಟಲು ತೆಗೆಯುವಾಗ ದಪ್ಪ ಬಟ್ಟೆ ಹಿಡಿಯಿರಿ. ಉಪ್ಪು, ಖಾರದ ಪುಡಿ ಕೊನೆಗೆ.

ಪ್ರಶ್ನೆ: ಕನ್ವೆಕ್ಷನ್ ಮೋಡ್‌ನಲ್ಲಿ ಇಟ್ಟಿದ್ದೆ. ಕವರ್‌ನಿಂದ ಹೊಗೆ ಬಂತು, ಹೆದರಿ ಬಾಗಿಲು ತೆಗೆದೆ, ಮನೆಯೆಲ್ಲ ಹೊಗೆ. ಏನು ತಪ್ಪಾಯಿತು? (ಮೈಸೂರಿನಿಂದ)

ಉತ್ತರ: ಕನ್ವೆಕ್ಷನ್, ಗ್ರಿಲ್, ಮೈಕ್ರೋವೇವ್ ಜೊತೆ ಇವು ಸೇರಿದ ಕಾಂಬಿ – ಈ ಮೂರರಲ್ಲೂ ಕಾಗದದ ಕವರ್ ಇಡಲೇಬಾರದು. ಅಲ್ಲಿ ಬಿಸಿಗಾಳಿ, ಕಾದ ಕಾಯಿಲ್ ಕವರ್‌ಗೆ ನೇರ ತಾಗುತ್ತದೆ. ಬರೀ ಮೈಕ್ರೋವೇವ್ ಮೋಡ್ ಸಾಕು. ಕಬ್ಬಿಣದ ಸ್ಟ್ಯಾಂಡ್ ಒಳಗಿದ್ದರೆ ಹೊರಗೆ ತೆಗೆಯಿರಿ. ಸ್ವಲ್ಪ ಮೊದಲು ಕೇಕ್ ಮಾಡಿದ್ದರೆ ಓವನ್ ತಣ್ಣಗಾಗುವವರೆಗೆ ಕಾಯಿರಿ.

ಹೊಗೆ ಕಂಡರೆ ಬಾಗಿಲು ತೆಗೆಯಬೇಡಿ. ತೆಗೆದರೆ ಗಾಳಿ ನುಗ್ಗಿ ಬೆಂಕಿ ಏಳುತ್ತದೆ. ಓವನ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಹೊಗೆ ಅಡಗುವವರೆಗೆ ಮುಚ್ಚಿಯೇ ಇಡಿ.

ಅಂಗಡಿಯಲ್ಲಿ ಪ್ಯಾಕೆಟ್ ಕೊಳ್ಳುವಾಗಲೂ ಒಂದು ಎಚ್ಚರ ಬೇಕು. ನಮ್ಮಲ್ಲಿ ಕುಕ್ಕರ್‌ನಲ್ಲಿ ಮಾಡುವ ಪ್ಯಾಕೆಟ್, ಮೈಕ್ರೋವೇವ್ ಪ್ಯಾಕೆಟ್ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಕುಕ್ಕರ್ ಪ್ಯಾಕೆಟ್ಟನ್ನು ಹಾಗೇ ಓವನ್‌ನಲ್ಲಿ ಇಡಬಾರದು. ಮೈಕ್ರೋವೇವ್ ಪ್ಯಾಕೆಟ್ ಆದರೂ ಹೊರಗಿನ ಪ್ಲಾಸ್ಟಿಕ್ ಬಿಚ್ಚಿ, ಮಡಿಕೆ ಪೂರ್ತಿ ಬಿಡಿಸಿಯೇ ಇಡಬೇಕು. ಆದಮೇಲೆ ಒಂದು ನಿಮಿಷ ಬಿಟ್ಟು, ಕವರನ್ನು ಮುಖದಿಂದ ದೂರ ಹಿಡಿದು ಬಿಡಿಸಿ. ಮಕ್ಕಳ ಕೈಗೆ ಕೊಡಬೇಡಿ, ಮೊದಲು ಬರುವ ಹಬೆಯೇ ಸುಡುತ್ತದೆ.

ಪ್ರಶ್ನೆ: ಮೈಕ್ರೋವೇವ್ ಪಾಪ್‌ಕಾರ್ನ್ ತಿಂದರೆ ಶ್ವಾಸಕೋಶ ಹಾಳಾಗುತ್ತದೆ ಎಂಬ ಮೆಸೇಜ್ ಬಂದಿದೆ. ನಿಜವೇ? (ಬೆಂಗಳೂರಿನಿಂದ)

ಉತ್ತರ: ಮೆಸೇಜಿಗೆ ಒಂದು ನಿಜವಾದ ಮೂಲ ಇದೆ. 2000ದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಒಂದು ಪಾಪ್‌ಕಾರ್ನ್ ಕಾರ್ಖಾನೆಯ ಕಾರ್ಮಿಕರಲ್ಲಿ ಗಂಭೀರ ಶ್ವಾಸಕೋಶದ ಕಾಯಿಲೆ ಪತ್ತೆಯಾಯಿತು. ಬೆಣ್ಣೆಯ ಪರಿಮಳಕ್ಕೆ ಹಾಕುವ ಡೈಅಸಿಟೈಲ್ ಎಂಬ ವಸ್ತುವಿನ ಆವಿಯನ್ನು ಅವರು ದಿನವಿಡೀ ಉಸಿರಾಡುತ್ತಿದ್ದರು. 2007ರ ಹೊತ್ತಿಗೆ ಅಲ್ಲಿನ ದೊಡ್ಡ ಕಂಪನಿಗಳು ಅದನ್ನು ಕೈಬಿಡತೊಡಗಿದವು. ಅಪಾಯ ಇದ್ದದ್ದು ಆ ಆವಿಯನ್ನು ಉಸಿರಾಡುವುದರಲ್ಲಿ. ಅಪರೂಪಕ್ಕೆ ಒಂದು ಪ್ಯಾಕೆಟ್ ತಿನ್ನುವವರ ಸ್ಥಿತಿ ಬೇರೆ. ನಿಮ್ಮ ಪ್ಯಾಕೆಟ್‌ನಲ್ಲಿ ನೋಡಬೇಕಾದ್ದು ಉಪ್ಪು, ಕೊಬ್ಬಿನ ಲೆಕ್ಕ. ಅದು ಜಾಸ್ತಿ ಅನ್ನಿಸಿದರೆ ಮೇಲೆ ಹೇಳಿದ ಗಾಜಿನ ಬಟ್ಟಲೇ ಸರಿ.

ಪ್ರಶ್ನೆ: ತಳದಲ್ಲಿ ಉಳಿದ ಕಾಳನ್ನು ಮತ್ತೆ ಅದೇ ಕವರ್‌ನಲ್ಲಿ ಇಟ್ಟರೆ ಅರಳುತ್ತವೆಯೇ? (ಶಿವಮೊಗ್ಗದಿಂದ)

ಉತ್ತರ: ಹೆಚ್ಚಿನವು ಅರಳುವುದಿಲ್ಲ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದು ಆವಿ ಸೋರಿಹೋಗಿರುತ್ತದೆ, ಇಲ್ಲವೇ ಕಾಳು ಮೊದಲೇ ಒಣಗಿರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2005ರಲ್ಲಿ 14 ತಳಿಗಳನ್ನು ಅರಳಿಸಿ ನೋಡಿದಾಗ, ಅರಳದೆ ಉಳಿದ ಕಾಳು ತಳಿಯಿಂದ ತಳಿಗೆ 4ರಿಂದ 47 ಶೇಕಡಾದವರೆಗೆ ಇತ್ತು. ಸಿಪ್ಪೆಯ ರಚನೆಯೇ ಮುಖ್ಯ ಕಾರಣ ಎಂದು ಅವರು ಕಂಡರು. ಬಳಸಿದ ಕವರ್‌ನಲ್ಲಿ ನಾಲ್ಕು ಕಾಳು ಮಾತ್ರ ಇಟ್ಟು ಓಡಿಸಿದರೆ ಕಾಳಿಗಿಂತ ಮೊದಲು ಕವರ್ ಸುಡುತ್ತದೆ. ತಳದಲ್ಲಿ ಬೆರಳೆಣಿಕೆಯಷ್ಟು ಉಳಿದರೆ ಬಿಸಾಡಿ. ಪ್ರತಿ ಸಲವೂ ಹಿಡಿ ತುಂಬ ಉಳಿಯುತ್ತಿದ್ದರೆ ಪ್ಯಾಕೆಟ್ಟಿನ ತಾರೀಕು ನೋಡಿ, ಬೇರೆ ಬ್ರ್ಯಾಂಡ್ ತಂದು ನೋಡಿ.