ಬೇರೆ ಬೇರೆ ಕ್ಷೇತ್ರಗಳಲ್ಲಿ ಒಂದೇ ಹೆಸರಿನಿಂದ ಪ್ರಸಿದ್ಧರಾದವರು ಯಾರಿದ್ದಾರೆ?

ಇಂಥವರಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸುವುದು ವಿನ್‌ಸ್ಟನ್ ಚರ್ಚಿಲ್ ಎಂಬ ಹೆಸರಿನ ಇಬ್ಬರ ಪ್ರಸಂಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚರ್ಚಿಲ್ (1874–1965) ಅವರನ್ನು ಎಲ್ಲರೂ ಬಲ್ಲರು. ಆದರೆ ಅವರಿಗಿಂತ ಮೂರು ವರ್ಷ ಹಿರಿಯರಾದ, ಅದೇ ಹೆಸರಿನ ಅಮೆರಿಕದ ಕಾದಂಬರಿಕಾರರೊಬ್ಬರು (1871–1947) ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮ್ಮ ದೇಶದಲ್ಲಿ ಬಹಳ ಜನಪ್ರಿಯರಾಗಿದ್ದರು. ಆಗಲೇ ಬರವಣಿಗೆಯಲ್ಲಿ ತೊಡಗಿದ್ದ ಬ್ರಿಟಿಷ್ ಚರ್ಚಿಲ್, ಓದುಗರಲ್ಲಿ ಗೊಂದಲ ಉಂಟಾಗಬಾರದೆಂದು 1899ರಲ್ಲಿ ಅವರಿಗೆ ಪತ್ರ ಬರೆದು, ಇನ್ನು ಮುಂದೆ ತಮ್ಮ ಕೃತಿಗಳಲ್ಲಿ ‘ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್’ ಎಂಬ ಹೆಸರನ್ನು ಬಳಸುವುದಾಗಿ ತಿಳಿಸಿದರು. ಆ ಸೌಜನ್ಯ ನಿಜಕ್ಕೂ ಮೆಚ್ಚುವಂಥದ್ದು. ಮುಂದೆ 1953ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ದೊರೆತದ್ದು ಕಾದಂಬರಿಕಾರರಿಗಲ್ಲ, ರಾಜಕಾರಣಿಗೆ.

ಫ್ರಾನ್ಸಿಸ್ ಬೇಕನ್ ಎಂಬ ಹೆಸರಿನವರಲ್ಲಿ ಒಬ್ಬರು ಪ್ರಯೋಗ ಮತ್ತು ವೀಕ್ಷಣೆಗಳ ಮೇಲೆ ಜ್ಞಾನವನ್ನು ಕಟ್ಟಬೇಕೆಂದು ವಾದಿಸಿದ ಇಂಗ್ಲಿಷ್ ತತ್ತ್ವಜ್ಞಾನಿ (1561–1626). ಇನ್ನೊಬ್ಬರು ಡಬ್ಲಿನ್‌ನಲ್ಲಿ ಜನಿಸಿ, ವಿರೂಪಗೊಂಡ ಮಾನವಾಕೃತಿಗಳ ಚಿತ್ರಗಳಿಂದ ಹೆಸರಾದ ಕಲಾವಿದ (1909–1992). ಮೈಕೆಲ್ ಜೋರ್ಡನ್ ಎಂದೊಡನೆ ಬ್ಯಾಸ್ಕೆಟ್‌ಬಾಲ್ ಆಟಗಾರ ನೆನಪಾಗುವುದು ಸಹಜವಾದರೂ, ಯಂತ್ರಕಲಿಕೆಯ, ಅಂದರೆ ದತ್ತಾಂಶದಿಂದ ಕಂಪ್ಯೂಟರುಗಳು ತಾವೇ ಕಲಿಯುವಂತೆ ಮಾಡುವ (ಮಷೀನ್ ಲರ್ನಿಂಗ್) ಕ್ಷೇತ್ರದಲ್ಲಿ ಆ ಹೆಸರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ವಿಜ್ಞಾನಿಯೊಬ್ಬರದು.