ಗಾಂಬಾಗೆ ಬಿಳಿ ಅಂಟು ಬೇಡ

ವಯೋಲ ಡ ಗಾಂಬಾದ (ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ತಂತಿವಾದ್ಯ) ಮೇಲ್ಹಲಗೆ ಕೂರಿಸಲು ಬಿಳಿ ಅಂಟು ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸರೇಸನ್ನೇ, ಅಂದರೆ ಪ್ರಾಣಿಗಳ ಚರ್ಮದಿಂದ ತೆಗೆದ ಬಿಸಿ ಅಂಟನ್ನೇ ಬಳಸಿ. ಮುಂದೆ ಒಳಗಿನ ಬಾಸ್ ಬಾರ್ (ಮೇಲ್ಹಲಗೆಯ ಒಳಮೈಗೆ ಅಂಟಿಸಿದ ಉದ್ದನೆಯ ಮರದ ಪಟ್ಟಿ) ಸಡಿಲವಾದರೆ ಮೇಲ್ಹಲಗೆ ಬಿಚ್ಚಲೇಬೇಕು. ಸರೇಸಾದರೆ ತೆಳು ಚಾಕು ತೂರಿಸಿದಾಗ ಟಕ್ಕನೆ ಬಿಡುತ್ತದೆ. ಬಿಳಿ ಅಂಟಾದರೆ ಮರದ ಎಳೆಯೇ ಕಿತ್ತು ಬರುತ್ತದೆ. ಶತಮಾನಗಳ ಹಿಂದಿನ ವಾದ್ಯಗಳು ಇವತ್ತಿಗೂ ನುಡಿಯುತ್ತಿರುವುದಕ್ಕೆ ಹೀಗೆ ಬಿಚ್ಚಿ ಜೋಡಿಸಲು ಬರುವುದೂ ಒಂದು ಕಾರಣ.

ಅಂಟಿನ ಹರಳನ್ನು ತಣ್ಣೀರಲ್ಲಿ ನೆನೆಸಿ, ಪಾತ್ರೆಯನ್ನು ಬಿಸಿನೀರೊಳಗಿಟ್ಟು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ. ಕುದಿಸಿದರೆ ಬಲ ಹೋಗುತ್ತದೆ. ಕುಂಚ ಎತ್ತಿದರೆ ಸಣ್ಣ ಧಾರೆಯಾಗಿ ಇಳಿಯಬೇಕು. ಬೇಗ ಗಟ್ಟಿಯಾಗುವುದರಿಂದ ಅಂಚುಗಳನ್ನು ಮೊದಲೇ ಬೆಚ್ಚಗೆ ಮಾಡಿ, ಅಂಟಿಲ್ಲದೆ ಒಮ್ಮೆ ಕ್ಲಾಂಪು ಬಿಗಿದು ನೋಡಿ. ಮೇಲ್ಹಲಗೆಗೆ ತುಸು ತೆಳು ಅಂಟೇ ಇರಲಿ, ಕತ್ತಿನ ಕೀಲಿಗೆ ಮಂದವಾದದ್ದು.