ಸ್ಕಿಲ್ ಏರುತ್ತಿಲ್ಲವೇ? ಕೈ ಖಾಲಿ ಇರುವ ಹೊತ್ತನ್ನು ಮೊದಲು ಹುಡುಕಿ

ಪ್ರಶ್ನೆ: ಕೆಲಸಕ್ಕಾಗಿ ದಿನವೂ ಉಡುಪಿಯಿಂದ ಮಂಗಳೂರಿಗೆ ಹೋಗಿಬರುತ್ತೇನೆ. ಬಸ್ಸಿನಲ್ಲಿ ಮೊಬೈಲ್‌ನಲ್ಲೂ ರಾತ್ರಿ ಮನೆಯ ಕಂಪ್ಯೂಟರ್‌ನಲ್ಲೂ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ ಆಡುತ್ತೇನೆ. ಹಣ ಕೊಟ್ಟು ಪಡೆಯುವ ಸದಸ್ಯತ್ವ ನನಗಿಲ್ಲ. ಗಣಿಗಾರಿಕೆ, ಮೀನುಗಾರಿಕೆಯಂಥ ಹೆಚ್ಚಿನ ಸ್ಕಿಲ್‌ಗಳು ಲೆವೆಲ್ 20ರ ಆಸುಪಾಸಿನಲ್ಲೇ ನಿಂತಿವೆ. ಕಮ್ಮಾರಿಕೆಯಂತೂ ಲೆವೆಲ್ ಒಂದರಿಂದ ಮೇಲೆದ್ದಿಲ್ಲ. ಬೇಗ ಏರಿಸುವುದು ಹೇಗೆ?
– ಓದುಗರು, ಉಡುಪಿ

ಉತ್ತರ: ಕಮ್ಮಾರಿಕೆ ಒಂದರಲ್ಲೇ ಇರುವುದು ನಿಮ್ಮ ಅದೃಷ್ಟ. ಕ್ವೆಸ್ಟ್ (ಆಟ ಒಪ್ಪಿಸುವ ಕಥೆಯ ಕೆಲಸ) ಮುಗಿಸಿದಾಗ ಸಿಗುವ ಎಕ್ಸ್‌ಪಿ, ಅಂದರೆ ಲೆವೆಲ್ ಏರಿಸುವ ಅನುಭವದ ಅಂಕ, ನಿಗದಿತ ಮೊತ್ತ; ನಿಮ್ಮ ಲೆವೆಲ್ ಕೆಳಗಿದ್ದಷ್ಟೂ ಅದು ನಿಮ್ಮನ್ನು ಹೆಚ್ಚು ಮೇಲಕ್ಕೆತ್ತುತ್ತದೆ. ‘ದಿ ನೈಟ್ಸ್ ಸ್ವೋರ್ಡ್’ ಎಂಬ ಕ್ವೆಸ್ಟ್ ಸದಸ್ಯರಲ್ಲದವರಿಗೂ ತೆರೆದಿದೆ. ಅದರಿಂದ ಸಿಗುವ 12,725 ಎಕ್ಸ್‌ಪಿ ಕಮ್ಮಾರಿಕೆಯನ್ನು ಒಂದೇ ಏಟಿಗೆ 1ರಿಂದ 29ಕ್ಕೆ ಒಯ್ಯುತ್ತದೆ. ಕಂಚಿನ ಸಾಮಾನು ಬಡಿಯುತ್ತ ಅಷ್ಟನ್ನು ಗಳಿಸಬೇಕಾದರೆ, ಗಟ್ಟಿಗೆ 12.5ರಂತೆ, ಸಾವಿರಕ್ಕೂ ಹೆಚ್ಚು ಗಟ್ಟಿ ಸವೆಸಬೇಕು.

ಇದಕ್ಕೆ ಗಣಿಗಾರಿಕೆ 10 ಸಾಕು, ನಿಮಗಿದೆ. (ಇಲ್ಲದವರಿಗೆ ‘ಡೋರಿಕ್ಸ್ ಕ್ವೆಸ್ಟ್’ 1,300 ಎಕ್ಸ್‌ಪಿ ಕೊಟ್ಟು ಅಲ್ಲಿಗೆ ಮುಟ್ಟಿಸುತ್ತದೆ.) ಎರಡು ಕಬ್ಬಿಣದ ಗಟ್ಟಿ ಮತ್ತು ಕತ್ತಿ ಮಾಡಿಕೊಡುವ ಕುಳ್ಳ ಥರ್ಗೋನ ಬಾಯಿ ಬಿಡಿಸಲು ಒಂದು ರೆಡ್‌ಬೆರಿ ಪೈ ಬೇಕು. ಕಬ್ಬಿಣ ಕರಗಿಸುವುದಕ್ಕೆ ಕಮ್ಮಾರಿಕೆ 15 ಇರಬೇಕಾದ್ದರಿಂದ ಗಟ್ಟಿಗಳನ್ನು ಆಟದ ಮಾರುಕಟ್ಟೆಯಾದ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ ಕೊಂಡುಬಿಡಿ. ಕಷ್ಟದ ಜಾಗ ಪೋರ್ಟ್ ಸರೀಮ್‌ನ ದಕ್ಷಿಣದ ಹಿಮಗುಹೆ. ಅಲ್ಲಿ ಹಿಮದೈತ್ಯರು ಮೇಲೆ ಬೀಳುತ್ತಾರೆ. ತಿಂದು ಚೇತರಿಸಿಕೊಳ್ಳಲು ಇನ್ವೆಂಟರಿಯಲ್ಲಿ (ಪಾತ್ರದ ಚೀಲದಲ್ಲಿ) ಮೀನು ತುಂಬಿಕೊಂಡು ಓಡಿ, ಕತ್ತಿಗೆ ಬೇಕಾದ ಬ್ಲುರೈಟ್ ಅದಿರು ಸಿಕ್ಕೊಡನೆ ಹಿಂದಕ್ಕೆ ಬನ್ನಿ. ಹೋರಾಡುವ ಶೌರ್ಯ ಅಲ್ಲಿ ಬೇಡ.

ಉಳಿದ ಸ್ಕಿಲ್‌ಗಳ ವಿಷಯದಲ್ಲಿ ನನ್ನ ಅನುಮಾನ ಒಂದೇ: ನೀವು ಸಿಕ್ಕಿದ್ದನ್ನೆಲ್ಲ ಆಟದೊಳಗಿನ ಬ್ಯಾಂಕಿಗೆ ಹೊರುತ್ತಿದ್ದೀರಿ. ಹೊಸಬರೆಲ್ಲರಿಗೂ ಈ ಜಿಪುಣತನ ಇರುತ್ತದೆ. ದಾರಿ ನಡೆದದ್ದಕ್ಕೆ ಗಣಿಗಾರಿಕೆಯಲ್ಲಿ ಎಕ್ಸ್‌ಪಿ ಇಲ್ಲ. ಒಂದೇ ಕಡೆ ನಿಂತು ಎರಡು ಮೂರು ಕಬ್ಬಿಣದ ಬಂಡೆ ಕೈಗೆಟಕುವ ಜಾಗ ಹಿಡಿಯಿರಿ. ಖಾಲಿಯಾದ ಬಂಡೆ ಐದೂವರೆ ಸೆಕೆಂಡಿನೊಳಗೆ ಮತ್ತೆ ತುಂಬುತ್ತದೆ; ಮೂರನೆಯದನ್ನು ಅಗೆದು ಮುಗಿಸುವಾಗ ಮೊದಲನೆಯದು ಸಿದ್ಧವಾಗಿರುತ್ತದೆ. 28 ಅದಿರು ತುಂಬಿದೊಡನೆ ಶಿಫ್ಟ್ ಕೀಲಿ ಒತ್ತಿ ಹಿಡಿದು ಎಲ್ಲವನ್ನೂ ನೆಲಕ್ಕೆ ಬಿಸಾಡಿ, ಮತ್ತೆ ಅಗೆಯಿರಿ. ಅದಿರಿಗೆ 35ರಂತೆ ಒಂದು ಸುತ್ತಿಗೆ 980 ಎಕ್ಸ್‌ಪಿ. ಲೆವೆಲ್ 20ರಿಂದ 30ಕ್ಕೆ ಏರಲು ಹತ್ತು ಸುತ್ತು ಸಹ ಬೇಡ. 21 ಆದೊಡನೆ ಮಿಥ್ರಿಲ್ ಗುದ್ದಲಿ ಕೊಳ್ಳಿ. ಅದನ್ನು ಕೈಯಲ್ಲಿ ಹಿಡಿಯಲೇಬೇಕೆಂದಿಲ್ಲ, ಇನ್ವೆಂಟರಿಯಲ್ಲಿದ್ದರೂ ಕೆಲಸ ಮಾಡುತ್ತದೆ; ಆಗ ಅದಿರಿಗೆ 27 ಜಾಗ ಉಳಿಯುತ್ತದೆ, ಅಷ್ಟೆ.

ಹಣಕ್ಕೇನು ಮಾಡುವುದು ಎನ್ನುತ್ತೀರಿ. ಹಣ ಗಳಿಸುವ ದಿನ ಹಣ ಗಳಿಸಿ, ಲೆವೆಲ್ ಏರಿಸುವ ದಿನ ಲೆವೆಲ್ ಏರಿಸಿ. ಎರಡನ್ನೂ ಒಟ್ಟಿಗೆ ಎಳೆದರೆ ಎರಡೂ ಕುಂಟುತ್ತವೆ. ಮೀನಿಗೂ ಇದೇ ಮಾತು: ಬಾರ್ಬೇರಿಯನ್ ವಿಲೇಜ್‌ನ ಹೊಳೆಯಲ್ಲಿ ಗರಿ ಕಟ್ಟಿದ ಗಾಳ ಹಾಕಿ. 20ಕ್ಕೆ ಟ್ರೌಟ್ ಸಿಗುತ್ತದೆ, 50 ಎಕ್ಸ್‌ಪಿ. 30ಕ್ಕೆ ಸಾಲ್ಮನ್, 70. ದಡದಲ್ಲೇ ಬೆಂಕಿ ಹಾಕಿ ಬೇಯಿಸಿದರೆ ಅಡುಗೆಯೂ ಏರುತ್ತದೆ. ಮೀನು ಬಿಸಾಡಲು ಕರಾವಳಿಯವರಿಗೆ ಮನಸ್ಸು ಬಾರದೆಂದು ಗೊತ್ತು, ಆದರೂ ಬಿಸಾಡಿ.

ಯುದ್ಧದಲ್ಲಿ ಎಕ್ಸ್‌ಪಿ ಬರುವುದು ನೀವು ಮಾಡಿದ ಹಾನಿಯ ಲೆಕ್ಕದಲ್ಲಿ, ಒಂದಕ್ಕೆ 4. ಕೋಳಿಗೆ ಇರುವುದೇ 3 ಜೀವಾಂಶ. ನೀವು ಏಳರ ಹೊಡೆತ ಹೊಡೆದರೂ 12ಕ್ಕಿಂತ ಹೆಚ್ಚು ದಕ್ಕದು. ಉಳಿದ ಬಲ ವ್ಯರ್ಥ, ಮೇಲಿಂದ ಮುಂದಿನ ಕೋಳಿಯ ಹಿಂದೆ ಓಡಬೇಕು. ಹೊಡೆತ ಬಲಿತ ಮೇಲೂ ಲಂಬ್ರಿಜ್‌ನ ಕೋಳಿಗೂಡಿನಲ್ಲಿ ಕೂರಬೇಡಿ. ಎಡ್ಜ್‌ವಿಲ್ ನೆಲಮಾಳಿಗೆಯ ಬೆಟ್ಟದೈತ್ಯನಿಗೆ 35 ಜೀವಾಂಶ, ಅಂದರೆ 140 ಎಕ್ಸ್‌ಪಿ. ಮೊದಲು ಸ್ಟ್ರೆಂತ್ ಏರಿಸುವುದು ಲಾಭ, ಏಕೆಂದರೆ ಗರಿಷ್ಠ ಹೊಡೆತ ಬೆಳೆಯುವುದು ಅದರಿಂದ.

ಇದೆಲ್ಲ ರಾತ್ರಿಯ ಆಟ. ಬಸ್ಸಿನಲ್ಲಿ ಮರ ಕಡಿಯಿರಿ: ಈಗ ಓಕ್, 30ರ ನಂತರ ವಿಲೋ. ಪಡುಬಿದ್ರಿಯಲ್ಲೊಮ್ಮೆ, ಮೂಲ್ಕಿಯಲ್ಲೊಮ್ಮೆ ತೆರೆ ಮುಟ್ಟಿದರೂ ನಡೆಯುತ್ತದೆ. ದೈತ್ಯರ ಗುಹೆಯನ್ನು ಮಾತ್ರ ಬಸ್ಸಿನಲ್ಲಿ ತೆರೆಯಬೇಡಿ. ಸಿಗ್ನಲ್ ಹೋದ ಕ್ಷಣ ನಿಮ್ಮ ಪಾತ್ರ ಮಾಯವಾಗುವುದಿಲ್ಲ, ಏಟು ತಿನ್ನುತ್ತ ಅಲ್ಲೇ ನಿಂತಿರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಕೈಕೊಡುವ ರಾತ್ರಿಗಳಿಗೂ ಇದು ಅನ್ವಯ.

ಪ್ರಶ್ನೆ: ಹಣ ಕೊಟ್ಟರೆ ಮರ ಕಡಿಯುವ ಸ್ಕಿಲ್ ಅನ್ನು ಎರಡು ವಾರದಲ್ಲಿ 1ರಿಂದ 99ಕ್ಕೆ ಏರಿಸಿಕೊಡುತ್ತೇನೆ ಎನ್ನುತ್ತಾರೊಬ್ಬರು. ಪಾಸ್‌ವರ್ಡ್ ಕೊಡಬಹುದೇ?
– ಓದುಗರು, ಮಂಗಳೂರು

ಉತ್ತರ: ಬೇಡ. 99ಕ್ಕೆ 13,034,431 ಎಕ್ಸ್‌ಪಿ ಬೇಕು. 92 ತಲುಪಿದಾಗ ಅದರ ಅರ್ಧ ಮಾತ್ರ ಆಗಿರುತ್ತದೆ. ವಿಲೋ ಲೆಕ್ಕದಲ್ಲಿ ಒಂದು ಲಕ್ಷ 93 ಸಾವಿರ ದಿಮ್ಮಿ. ಹದಿನಾಲ್ಕು ದಿನ ಊಟ ನಿದ್ದೆ ಬಿಟ್ಟು ಆರು ಸೆಕೆಂಡಿಗೊಂದರಂತೆ ಕಡಿಯುವವರು ಮನುಷ್ಯರಲ್ಲ, ಸ್ವಯಂಚಾಲಿತ ಪ್ರೋಗ್ರಾಂ. ಅದೂ, ಖಾತೆಯನ್ನು ಇನ್ನೊಬ್ಬರ ಕೈಗೆ ಕೊಡುವುದೂ ಈ ಆಟ ನಡೆಸುವ ಜಾಗೆಕ್ಸ್ ಕಂಪನಿಯ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ನಿಷೇಧವಾಗುವುದು ನಿಮ್ಮ ಖಾತೆ, ಅವರದಲ್ಲ. ಈಗಾಗಲೇ ಕೊಟ್ಟಿದ್ದರೆ ಇಂದೇ ಪಾಸ್‌ವರ್ಡ್ ಬದಲಿಸಿ, ಲಾಗಿನ್‌ಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ.